ಅನುಭವಿ ಇಂಗ್ಲಿಷ್ ಶಿಕ್ಷಕರಿಗೆ ಬಿಸಿನೆಸ್ ಇಂಗ್ಲಿಷ್ ತರಬೇತಿ: ಎಲ್ಲಿಂದ ಶುರು?

ಪ್ರಶ್ನೆ: ವರ್ಷಗಟ್ಟಲೆ ವ್ಯಾಕರಣ, ಪದ್ಯ ಪಾಠ ಮಾಡಿದವರನ್ನು ಕಂಪನಿ ನೌಕರರಿಗೆ ಕಲಿಸಲು ಸಜ್ಜುಗೊಳಿಸಬೇಕು. ಇರುವುದು 5 ದಿನ. ಮೊದಲು ವ್ಯಾಪಾರದ ವಿಷಯ ತುಂಬಬೇಕೇ?

ಉತ್ತರ 1: ಬೇಡ. ಇಂಗ್ಲಿಷ್ ಕಲಿಯಲು ಬಂದ ನೌಕರರಿಗೇ ವ್ಯಾಪಾರ ಗೊತ್ತಿರುತ್ತದೆ. ಶಿಕ್ಷಕರಿಗೆ ಬೇಕಾದ್ದು ಕೇಳಿ ತಿಳಿಯುವ ಜಾಣ್ಮೆ. ಮೊದಲ ಒಂದೂವರೆ ದಿನ ಅದಕ್ಕೇ ಇಡಿ: ನೌಕರರು ಯಾರಿಗೆ ಇಮೇಲ್ ಬರೆಯುತ್ತಾರೆ, ಫೋನಿನಲ್ಲಿ ತಡವರಿಸುವುದೋ ಮೀಟಿಂಗಿನಲ್ಲೋ? ಹೆಸರು, ಮೊತ್ತ ಅಳಿಸಿದ ನಿಜವಾದ ಇಮೇಲ್‌ಗಳನ್ನು ತರಿಸಿ, ಅವುಗಳಿಂದಲೇ ಪಾಠ ಕಟ್ಟಿಸಿ.

ಉತ್ತರ 2: ಪಳಗಿದವರು ಎಡವುವುದು ತಿದ್ದುವಾಗ. ರೋಲ್‌ಪ್ಲೇ (ಪಾತ್ರ ವಹಿಸಿ ಮಾತಾಡುವ ಅಭ್ಯಾಸ) ನಡುವೆಯೇ ಟೆನ್ಸ್ ತಿದ್ದಿ ಮಾತು ಕತ್ತರಿಸಿಬಿಡುತ್ತಾರೆ. 10 ನಿಮಿಷ ತಪ್ಪುಗಳನ್ನು ಸುಮ್ಮನೆ ಬರೆದುಕೊಳ್ಳಲಿ. ಆಮೇಲೆ ಅರ್ಥ ಕೆಡಿಸಿದ ಎರಡು-ಮೂರು ತಪ್ಪು ಮಾತ್ರ ಎತ್ತಲಿ. ಹಾಂ, 'ಐ ವಾಂಟ್' ವ್ಯಾಕರಣಕ್ಕೆ ಸರಿ, ಗ್ರಾಹಕರ ಕಿವಿಗೆ ಒರಟು. ಅದನ್ನು ಬಿಡಬಾರದು.

ಉತ್ತರ 3: ಕೊನೆಯ ದಿನ ತಲಾ 20 ನಿಮಿಷದ ಮಾದರಿ ಪಾಠ. ಶಿಕ್ಷಕರ ಮಾತೇ ಅರ್ಧ ಸಮಯ ದಾಟಿದರೆ ಮತ್ತೆ ಮಾಡಿಸಿ.