ಊಟ ಒಂದೇ, ಶುಗರ್ ಮಾತ್ರ ಬೇರೆ ಬೇರೆ. ಸಹಾಯ ಬೇಕು

ನಾನೂ ನನ್ನ ತಮ್ಮನೂ ಒಂದೇ ಪಾತ್ರೆಯ ಊಟ ಮಾಡುತ್ತೇವೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಅವನದು 112, ನನ್ನದು 168! ಮೀಟರ್ ಕೆಟ್ಟಿರಬೇಕು ಅಂತ ಹೊಸ ಸ್ಟ್ರಿಪ್ ಹಾಕಿಯೂ ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಬಂತು.

ಜೀನ್ ಪರೀಕ್ಷೆಯಲ್ಲಿ ನನಗೆ ಟಿಸಿಎಫ್7ಎಲ್2 ಜೀನಿನ ಅಪಾಯದ ರೂಪ ಇದೆ ಅಂತ ಬಂದಿದೆ. ಇದಿದ್ದವರಲ್ಲಿ ಊಟದ ನಂತರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದು ಕಡಿಮೆಯಂತೆ. ಹಾಗಂತ ಸಕ್ಕರೆ ಕಾಯಿಲೆ ಬಂದೇ ಬರುತ್ತದೆ ಅಂತೇನಲ್ಲ ಅಲ್ವಾ? ಜೀನ್ ಬದಲಿಸೋಕೆ ಆಗಲ್ಲ, ತಟ್ಟೆ ಬದಲಿಸಬಹುದು. ಪಿಷ್ಟ ಕಡಿಮೆ ಮಾಡಿದರೆ ಸಾಕಾ, ನಾರಿನಂಶವೂ ಜಾಸ್ತಿ ಬೇಕಾ? ಒಂದು ದಿನ ತರಕಾರಿ ಮೊದಲು ತಿಂದಾಗ ನನ್ನದು 141 ಇತ್ತು. ಅದು ಸುಮ್ನೆ ಕಾಕತಾಳೀಯವಾ?

ಇದೇ ಜೀನ್ ಇರುವವರು ಏನು ಮಾಡಿ ನೋಡಿದಿರಿ, ದಯವಿಟ್ಟು ಹೇಳಿ. ಮುಂದಿನ ವಾರ ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತಲೂ ತಿಳಿಸಿ.