ಅಕ್ಕನ ಥಾರ್‌ಗೆ ಯಾವ ಗೇರ್?

ಅಕ್ಕ, ಭಾವ ಇಬ್ಬರೂ ಮಹೀಂದ್ರದ ಜೀಪಿನಂಥ ಗಾಡಿ ಥಾರ್ ತೆಗೆದುಕೊಳ್ಳಬೇಕು ಅಂತ ವರ್ಷದಿಂದ ದುಡ್ಡು ಕೂಡಿಡುತ್ತಿದ್ದಾರೆ. ಮನೆ ಇರುವುದು ಎಚ್‌ಎಸ್‌ಆರ್ ಲೇಔಟಿನಲ್ಲಿ. ತಿಂಗಳಿಗೆ ಒಂದು ಸಲವಾದರೂ ಸಕಲೇಶಪುರದ ಹತ್ತಿರ ಇರುವ ದೊಡ್ಡಪ್ಪನ ಕಾಫಿ ತೋಟಕ್ಕೆ ಹೋಗುತ್ತಾರೆ. ಮೊನ್ನೆ ಶನಿವಾರ ಭಾವ ಮನೆ ಗುಂಪಿಗೆ ಒಂದು ವಿಡಿಯೊ ಹಾಕಿದರು. ಅಲ್ಲಿಂದ ಶುರುವಾದ ಮಾತು ಭಾನುವಾರ ಸಂಜೆಗೆ ಮುಗಿಯಿತು. ಹೆಸರು ತೆಗೆದು, ಗುಡ್ ಮಾರ್ನಿಂಗ್ ಚಿತ್ರಗಳನ್ನೆಲ್ಲ ಬಿಟ್ಟು ಇಲ್ಲಿ ಹಾಕಿದ್ದೇನೆ. ಇಂಥ ಗಾಡಿ ಕೊಳ್ಳಲು ಹೊರಟವರು ಓದಲಿ ಅಂತ.

ಶನಿವಾರ ರಾತ್ರಿ

ಭಾವ: ಈ ವಿಡಿಯೊ ನೋಡಿ. ಎಂಟು ನಿಮಿಷ ಇದೆ. ಆಫ್‌ರೋಡಿಗೆ, ಅಂದರೆ ರಸ್ತೆ ಇಲ್ಲದ ಕಡೆ ಓಡಿಸಲು, ಇನ್ನು ಕ್ಲಚ್ ಒತ್ತಿ ಗೇರ್ ಹಾಕುವ ಮ್ಯಾನುಯಲ್ ಬೇಡವೇ ಬೇಡ ಅಂತ ತೋರಿಸಿದ್ದಾರೆ. ನಾನು ಆಟೋಮ್ಯಾಟಿಕ್ ಬುಕ್ ಮಾಡುವುದು ಅಂತ ಇದ್ದೇನೆ.

ತಮ್ಮ: ಒಳ್ಳೆಯದು ಭಾವ. ಪೆಟ್ರೋಲ್ ಥಾರ್‌ನಲ್ಲಿ ಮ್ಯಾನುಯಲ್‌ಗೆ 300 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಆಟೋಮ್ಯಾಟಿಕ್‌ಗೆ 320. ಕಂಪನಿಯವರೇ ಜಾಸ್ತಿ ಕೊಟ್ಟಿದ್ದಾರೆ. ಜೀಪ್ ರಾಂಗ್ಲರ್ ನಮ್ಮ ದೇಶದಲ್ಲಿ ಸಿಗುವುದೇ ಆಟೋಮ್ಯಾಟಿಕ್‌ನಲ್ಲಿ. ಇನ್ನೇನು ಬೇಕು?

ನಾನು: ಫೋರ್ಸ್ ಕಂಪನಿಯ ಗೂರ್ಖಾ ಮ್ಯಾನುಯಲ್‌ನಲ್ಲಿ ಮಾತ್ರ ಬರುತ್ತದೆ. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಎರಡೂ ಬದಿಯ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಇದೆ. ಅದು ಆಫ್‌ರೋಡ್ ಗಾಡಿ ಅಲ್ಲ ಅನ್ನುತ್ತೀಯಾ? ಯಾರು ಏನು ಮಾರುತ್ತಾರೆ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ.

ಭಾವ, ವಿಡಿಯೊ ಪೂರ್ತಿ ನೋಡಿದೆ. ಬರೀ ಹತ್ತುವುದನ್ನೇ ತೋರಿಸಿದ್ದಾರೆ. ಇಳಿಯುವುದು ಒಂದು ಸಲವೂ ಇಲ್ಲ. ನಮ್ಮ ತೋಟದ ಗೇಟು ಇರುವುದು ಮೇಲೆ, ಟಾರ್ ರಸ್ತೆಯ ಪಕ್ಕ. ಮನೆ ಇರುವುದು ಕೆಳಗೆ, ಹಳ್ಳದ ಹತ್ತಿರ. 220 ಕಿಲೋಮೀಟರ್ ಆರಾಮಾಗಿ ಬಂದು, ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಕತ್ತಲಲ್ಲಿ, ಮಳೆಯಲ್ಲಿ ಇಳಿಯಬೇಕು. ನಮಗೆ ಕಷ್ಟ ಇರುವುದು ಅಲ್ಲಿ.

ಭಾವ: ಇಳಿಯುವುದಕ್ಕೆ ಬ್ರೇಕ್ ಇದೆಯಲ್ಲಪ್ಪ.

ದೊಡ್ಡಪ್ಪ: ಆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದವರ ಗಾಡಿಯನ್ನು ನಾನು ಮೂರು ಸಲ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದೇನೆ.

ಚಿಕ್ಕಮ್ಮ: ಅಯ್ಯೋ, ಯಾರಿಗೂ ಏನೂ ಆಗಲಿಲ್ಲ ತಾನೇ?

ದೊಡ್ಡಪ್ಪ: ಮೂರೂ ದಾರಿ ಪಕ್ಕದ ಮಣ್ಣಿನ ಧರೆಗೆ ಒರಗಿ ನಿಂತವು. ಹಳ್ಳದ ಕಡೆಗೆ ಜಾರಿದ್ದರೆ ಬೇರೆ ಮಾತು.

ನಾನು: ಕೇಳಿದಿರಾ ಭಾವ? ಕೆಸರಿನಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಚಕ್ರ ಪೂರ್ತಿ ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ ಇದ್ದರೆ ಸ್ಟೀರಿಂಗ್ ಸ್ವಲ್ಪ ಉಳಿಯುತ್ತದೆ. ಆದರೆ ಗಾಡಿ ನಿಲ್ಲಲು ಇನ್ನೂ ದೂರ ಬೇಕು.

ಮ್ಯಾನುಯಲ್‌ನಲ್ಲಿ ಹೀಗೆ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಫೋರ್ ಲೋ ಹಾಕಬೇಕು, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ವೇಗ ಕಡಿಮೆ, ಬಲ ಜಾಸ್ತಿ ಇರುವ ಗೇರ್. ಫಸ್ಟ್ ಗೇರ್. ಕ್ಲಚ್ ಪೂರ್ತಿ ಬಿಟ್ಟುಬಿಡಬೇಕು. ಎಡಗಾಲು ನೆಲಕ್ಕೆ, ಬಲಗಾಲೂ ನೆಲಕ್ಕೆ. ಈಗ ಚಕ್ರ ಉರುಳಬೇಕಾದರೆ ಎಂಜಿನ್ನನ್ನೂ ತಿರುಗಿಸಿಕೊಂಡು ಉರುಳಬೇಕು. ಎಂಜಿನ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆ ಹಿಡಿತ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಗಾಡಿ ನಡೆಯುವ ಮನುಷ್ಯನ ವೇಗದಲ್ಲಿ ಗರ್‍ರ್ ಅಂತ ಇಳಿಯುತ್ತದೆ. ಮೊದಲ ಸಲ ಭಯ ಆಗುತ್ತದೆ, ನಿಜ. ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಎರಡನೇ ಸಲಕ್ಕೆ ಸೀಟಿನಲ್ಲೇ ಗೊತ್ತಾಗುತ್ತದೆ, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದುಕೊಂಡಿದ್ದಾರೆ ಅಂತ.

ತಮ್ಮ: ಅಣ್ಣ, ಅದೆಲ್ಲ ಆಟೋಮ್ಯಾಟಿಕ್‌ನಲ್ಲೂ ಇದೆ. ಫೋರ್ ಲೋ ಇದೆ. ಲಿವರ್ ಎಳೆದು ಒಂದನೇ ಗೇರಿನಲ್ಲೇ ನಿಲ್ಲಿಸಬಹುದು. ಸಾಲದು ಅಂದರೆ ಇಳಿಜಾರಿನಲ್ಲಿ ವೇಗವನ್ನು ತಾನೇ ಹಿಡಿಯುವ ಹಿಲ್ ಡಿಸೆಂಟ್ ಕಂಟ್ರೋಲ್ ಇದೆ. ಬಟನ್ ಒತ್ತಿದರೆ ಆಯಿತು.

ನಾನು: ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಥಾರ್‌ನ ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್ ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಕೂತಿದೆ. ಅದರೊಳಗೆ ಎಣ್ಣೆ. ನಿಧಾನವಾಗಿ ಹೋಗುವಾಗ ಶಕ್ತಿ ಆ ಎಣ್ಣೆಯ ಮೂಲಕವೇ ದಾಟಬೇಕು. ಹತ್ತುವಾಗ ಗಾಡಿ ಮೃದುವಾಗಿ ಹೋಗುವುದು ಅದಕ್ಕೇ. ಇಳಿಯುವಾಗ ಅದೇ ಎಣ್ಣೆ ಸ್ವಲ್ಪ ಜಾರಿಕೊಳ್ಳುತ್ತದೆ. ಎಂಜಿನ್ ಹಿಡಿಯುತ್ತದೆ, ಆದರೆ ಬಿಗಿಯಾಗಿ ಅಲ್ಲ. ಹಗ್ಗ ಸಡಿಲ ಬಿಟ್ಟು ದನ ಇಳಿಸಿದ ಹಾಗೆ. ಹಿಲ್ ಡಿಸೆಂಟ್ ಮಾಡುವುದೂ ಬ್ರೇಕ್ ಕೆಲಸವೇ. ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ಬಿಡುತ್ತದೆ. ಚೆನ್ನಾಗಿಯೇ ಮಾಡುತ್ತದೆ. ಆದರೆ ಕೆಳಗೆ ಏನು ನಡೆಯುತ್ತಿದೆ ಅಂತ ಓಡಿಸುವವರಿಗೆ ತಿಳಿಯುವುದಿಲ್ಲ. ಕಟಕಟ ಸದ್ದು ಕೇಳುತ್ತದೆ, ಅಷ್ಟೇ.

ಭಾವ: ಸರಿ. ಇಳಿಯುವುದು ಆಯಿತು. ವಾಪಸ್ ಹತ್ತಬೇಕಲ್ಲ? ಎರಡು ವರ್ಷದ ಹಿಂದೆ ಗೆಳೆಯನ ಗಾಡಿ ತಂದು ಅಲ್ಲೇ ಕ್ಲಚ್ ಸುಟ್ಟವನು ನೀನೇ ಅಲ್ವಾ?

ನಾನು: ಹೌದು, ನಾನೇ. ಆ ತಪ್ಪು ಪೂರ್ತಿ ನನ್ನದು, ಅದನ್ನೂ ಹೇಳುತ್ತೇನೆ. ಮುಂದೆ ಗೊಬ್ಬರದ ಪಿಕಪ್ ಸಿಕ್ಕಿಕೊಂಡಿತ್ತು. ನಾನು ಏರಿನ ನಡುವೆ ನಿಂತೆ. ಬ್ರೇಕ್ ಹಿಡಿದು ಕಾಯುವುದು ಬಿಟ್ಟು ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ತೂಗಿಸಿಕೊಂಡು ನಿಂತೆ. ಅದೂ ಫೋರ್ ಲೋ ಹಾಕದೆ, ವೇಗದ ಫೋರ್ ಹೈನಲ್ಲಿ. ಎರಡು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಇನ್ನೂ ಒಂದು ಸಲ ಪ್ರಯತ್ನಪಟ್ಟೆ. ಕ್ಲಚ್ ಪ್ಲೇಟ್ ಹೋಯಿತು. ಗೆಳೆಯನಿಗೆ ದುಡ್ಡು ಕೊಟ್ಟೆ, ಆದರೆ ಅವನ ಮುಖ ನೋಡುವುದು ಬಹಳ ದಿನ ಕಷ್ಟವಾಯಿತು.

ಹತ್ತುವಾಗ ಆಟೋಮ್ಯಾಟಿಕ್ ಮೇಲು. ಇದನ್ನು ನಾನು ಒಪ್ಪುತ್ತೇನೆ. ಕಲ್ಲಿನ ಮೇಲೆ ಇಂಚಿಂಚು ಹತ್ತಬೇಕಾದರೆ ಎಡಗಾಲಿನಲ್ಲಿ ಬ್ರೇಕ್, ಬಲಗಾಲಿನಲ್ಲಿ ಆಕ್ಸಿಲರೇಟರ್ ಇಟ್ಟು ಎಷ್ಟು ಬೇಕೋ ಅಷ್ಟೇ ಬಿಡಬಹುದು. ಗಾಡಿ ಆಫ್ ಆಗುವುದಿಲ್ಲ. ಮರಳಿನಲ್ಲೂ ಅಷ್ಟೇ. ಮ್ಯಾನುಯಲ್‌ನಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದ ಅರ್ಧ ಕ್ಷಣದಲ್ಲಿ ಓಟ ಸತ್ತು ಚಕ್ರ ಹೂತುಹೋಗುತ್ತದೆ.

ದೊಡ್ಡಪ್ಪ: ಏರಿನಲ್ಲಿ ಗಾಡಿ ಆಫ್ ಆದರೆ ಏನು ಮಾಡಬೇಕು ಅಂತ ಅವತ್ತು ನಿನಗೆ ಹೇಳಿಕೊಟ್ಟಿದ್ದೆ. ಎಲ್ಲರಿಗೂ ಹೇಳು.

ನಾನು: ಹೇಳುತ್ತೇನೆ ದೊಡ್ಡಪ್ಪ. ಗಾಡಿ ಆಫ್ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕ್ಲಚ್ ಒತ್ತಿ ರಿವರ್ಸ್ ಹಾಕಬೇಕು. ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಬಿಡುತ್ತಾ ಬ್ರೇಕನ್ನೂ ನಿಧಾನವಾಗಿ ಬಿಡಬೇಕು. ಗಾಡಿ ಎಂಜಿನ್ ಹಿಡಿತದಲ್ಲಿ ನೇರ ಹಿಂದಕ್ಕೆ ಇಳಿಯುತ್ತದೆ. ನ್ಯೂಟ್ರಲ್‌ಗೆ ಮಾತ್ರ ತರಬಾರದು. ತಿರುಗಿಸಿಕೊಳ್ಳಲೂ ಹೋಗಬಾರದು, ಅಡ್ಡ ಆದರೆ ಮಗುಚುತ್ತದೆ.

ಭಾನುವಾರ

ಭಾವ: ರಾತ್ರಿಯೆಲ್ಲ ಯೋಚನೆ ಮಾಡಿದೆ. ನೀನು ಹೇಳುವುದು ತಿಂಗಳಲ್ಲಿ ಎರಡು ದಿನದ ಮಾತು. ಉಳಿದ 28 ದಿನ ಗಾಡಿ ಬೆಂಗಳೂರಿನಲ್ಲಿ ಇರುತ್ತದೆ. ಹೊಸ ಗಾಡಿ ಬಂದರೆ ನಿನ್ನ ಅಕ್ಕ ಅದರಲ್ಲೇ ಬೆಳ್ಳಂದೂರಿನ ಆಫೀಸಿಗೆ ಹೋಗಬಹುದು. ಸಿಲ್ಕ್ ಬೋರ್ಡ್, ಅಗರ, ಔಟರ್ ರಿಂಗ್ ರೋಡ್. ಆ ಟ್ರಾಫಿಕ್‌ನಲ್ಲಿ ದಿನಾ ಕ್ಲಚ್ ಒತ್ತಿದರೆ ಮಂಡಿ ಉಳಿಯುತ್ತದಾ?

ನಾನು: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಭಾವ. ಆ ರಸ್ತೆಯಲ್ಲಿ ಮ್ಯಾನುಯಲ್ ಓಡಿಸು ಅಂತ ನಾನು ಯಾರಿಗೂ ಹೇಳುವುದಿಲ್ಲ. ಇಂಥ ಗಾಡಿಯ ಕ್ಲಚ್ ಚಿಕ್ಕ ಕಾರಿನ ಕ್ಲಚ್‌ನಷ್ಟು ಹಗುರವೂ ಅಲ್ಲ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಮ್ಯಾನುಯಲ್ ಸುದ್ದಿ ಕೊಡುತ್ತದೆ. ಕ್ಲಚ್ ಹಿಡಿಯುವ ಜಾಗ ಎಡಪಾದಕ್ಕೆ ಗೊತ್ತಿರುತ್ತದೆ. ಗೇರ್ ಲಿವರ್ ಅಂಗೈಯಲ್ಲಿ ನಡುಗುತ್ತಿರುತ್ತದೆ. ಕೆಸರಿನಲ್ಲಿ ಚಕ್ರ ಸುಮ್ನೆ ತಿರುಗಲು ಶುರುಮಾಡಿದರೆ ಎಂಜಿನ್ ಸದ್ದು ತಟ್ಟನೆ ಹಗುರವಾಗುತ್ತದೆ, ಸೀಟಿನಲ್ಲಿ ಎಳೆತ ಕಡಿಮೆ ಆಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೈಗೆ ತಿಳಿಯುತ್ತದೆ. ತಕ್ಷಣ ಕಾಲು ಎತ್ತಿದರೆ ಟೈರ್ ಮತ್ತೆ ನೆಲ ಹಿಡಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಸದ್ದು ಏರಿದರೆ ಅದು ಚಕ್ರ ಜಾರಿದ್ದಾ, ಗೇರ್ ಬದಲಾಗಿದ್ದಾ, ಕನ್ವರ್ಟರ್ ಜಾರಿದ್ದಾ ಅಂತ ಒಂದು ಕ್ಷಣ ಗೊಂದಲ. ಜಾರು ದಾರಿಯಲ್ಲಿ ಆ ಒಂದು ಕ್ಷಣ ದೊಡ್ಡದು.

ಇನ್ನೊಂದು, ಮೊದಲೇ ಯೋಚಿಸುವ ಅಭ್ಯಾಸ. ಹಳ್ಳ ದಾಟುವ ಮೊದಲು ನಿಂತು ನೋಡಬೇಕು. ಆಳ ಎಷ್ಟು, ಆಚೆ ದಡ ಹೇಗಿದೆ, ಯಾವ ಗೇರ್ ಬೇಕು. ನೀರಿಗೆ ಇಳಿದ ಮೇಲೆ ಕ್ಲಚ್ ಒತ್ತುವ ಹಾಗಿಲ್ಲ. ಒತ್ತಿದರೆ ವೇಗ ಬೀಳುತ್ತದೆ, ಮುಂದೆ ತಳ್ಳಿಕೊಂಡು ಹೋಗುತ್ತಿದ್ದ ಅಲೆ ವಾಪಸ್ ಬರುತ್ತದೆ. ಹಾಗಾಗಿ ದಡದಲ್ಲೇ ತೀರ್ಮಾನ ಮಾಡಿ ಹೊರಡಬೇಕು. ನನಗೆ ಗಾಡಿ ಓಡಿಸುವುದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ದೊಡ್ಡಪ್ಪ: ನಾನು ಕಲಿತ ಜೀಪಿಗೆ ಮೂರೇ ಗೇರ್. ಓಡುತ್ತಿರುವಾಗ ಫಸ್ಟ್‌ಗೆ ಹಾಕಿದರೆ ಕರಕರ ಅಂತ ಕಿರುಚುತ್ತಿತ್ತು. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಸ್ವಲ್ಪ ರೇಸ್, ಮತ್ತೆ ಒತ್ತಿ ಫಸ್ಟ್. ಎರಡು ಸಲ ಕ್ಲಚ್. ಎಂಟು ಮೂಟೆ ಕಾಫಿ ಹೇರಿಕೊಂಡು ಅದೇ ದಾರಿಯಲ್ಲಿ ಹತ್ತಿದ್ದೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ಬ್ಯಾಟರಿ ಇಳಿದರೆ ಮ್ಯಾನುಯಲ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ ಆಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಫೋನೂ ಸಿಗುವುದಿಲ್ಲ.

ತಮ್ಮ: ದೊಡ್ಡಪ್ಪ, ಈಗಿನ ಗಾಡಿಗೆ ಕಂಪ್ಯೂಟರ್, ಇಂಧನ ಪಂಪು ಎಲ್ಲಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಬರುವುದಿಲ್ಲ.

ನಾನು: ಪೂರ್ತಿ ಸತ್ತರೆ ಬರುವುದಿಲ್ಲ, ನಿಜ. ಸ್ಟಾರ್ಟರ್ ತಿರುಗಿಸುವಷ್ಟು ಇಲ್ಲ, ಆದರೆ ಡ್ಯಾಶ್‌ಬೋರ್ಡ್ ದೀಪ ಉರಿಯುತ್ತದೆ ಅನ್ನುವ ಸ್ಥಿತಿಯಲ್ಲಿ ಬರುತ್ತದೆ. ಹೆಚ್ಚಿನ ಸಲ ಬ್ಯಾಟರಿ ಇರುವುದು ಆ ಸ್ಥಿತಿಯಲ್ಲೇ.

ಅಕ್ಕ: ಈಗ ಎಲ್ಲ ಓದಿದೆ. ಮಗಳಿಗೆ ಜ್ವರ ಇತ್ತು, ಫೋನ್ ನೋಡಿರಲಿಲ್ಲ.

ಚಿಕ್ಕಮ್ಮ: ಈಗ ಹೇಗಿದ್ದಾಳೆ?

ಅಕ್ಕ: ಇಳಿದಿದೆ ಚಿಕ್ಕಮ್ಮ, ಮಲಗಿದ್ದಾಳೆ.

ಮೊದಲು ಆಫೀಸಿನ ವಿಷಯ. ನಾನು 500ಡಿ ಬಸ್ಸಿನಲ್ಲಿ ಹೋಗುತ್ತೇನೆ. ಹೊಸ ಗಾಡಿ ಬಂದರೂ ಬಸ್ಸಿನಲ್ಲೇ ಹೋಗುತ್ತೇನೆ. ಕೂರಲು ಜಾಗ ಸಿಕ್ಕಿದರೆ ಅರ್ಧ ಗಂಟೆ ಓದುತ್ತೇನೆ. ಆ ಟ್ರಾಫಿಕ್‌ನಲ್ಲಿ ಯಾವ ಗೇರ್ ಇದ್ದರೂ ನನಗೆ ಬೇಡ. ಹಾಗಾಗಿ ಆ 28 ದಿನದ ಲೆಕ್ಕ ಬಿಟ್ಟುಬಿಡಿ.

ಈ ಗಾಡಿ ಬೇಕು ಅಂತ ಹೇಳಿದ್ದು ನಾನು. ಯಾಕೆ ಅಂತಲೂ ಹೇಳುತ್ತೇನೆ. ಹೋದ ಜುಲೈನಲ್ಲಿ ರಾತ್ರಿ ಒಂಬತ್ತಕ್ಕೆ ಗೇಟಿನ ಹತ್ತಿರ ನಿಂತೆವು. ಈಗಿನ ಕಾರನ್ನು ಇಳಿಸಲು ಧೈರ್ಯ ಬರಲಿಲ್ಲ. ಅಲ್ಲೇ ಬಿಟ್ಟು, ಮಗಳನ್ನು ಎತ್ತಿಕೊಂಡು, ಕೊಡೆ ಹಿಡಿದು ನಡೆದುಕೊಂಡು ಹೋದೆವು. ಮನೆ ಮುಟ್ಟಿ ನೋಡಿದರೆ ಅವಳ ಕಾಲಿಗೆ ನಾಲ್ಕು ಇಂಬಳ, ಅಂದರೆ ಜಿಗಣೆ, ಹತ್ತಿತ್ತು. ಆ ರಾತ್ರಿ ತೀರ್ಮಾನ ಮಾಡಿದೆ, ಆ ಇಳಿಜಾರನ್ನು ಮಳೆಯಲ್ಲಿ ನಾನೇ ಇಳಿಸಬೇಕು ಅಂತ. ಇವರು ಪಕ್ಕದಲ್ಲಿ ಇಲ್ಲದಿದ್ದರೂ.

ಭಾವ: ಬಸ್ಸು ನಿನಗೆ ಕಷ್ಟ ಆಗುತ್ತಿದೆ ಅಂದುಕೊಂಡಿದ್ದೆ ಕಣೇ.

ಅಕ್ಕ: ಇಲ್ಲಪ್ಪ. ಕೇಳಿದ್ದರೆ ಹೇಳುತ್ತಿದ್ದೆ.

ತಮ್ಮ, ನಿನ್ನ ಆಫೀಸಿನಲ್ಲಿ ಒಬ್ಬರ ಹತ್ತಿರ ಆಟೋಮ್ಯಾಟಿಕ್ ಥಾರ್ ಇದೆ ಅಂದಿದ್ದೆ. ಒಂದು ವಾರಾಂತ್ಯಕ್ಕೆ ಅವರನ್ನೇ ಕರೆದುಕೊಂಡು ಬರುತ್ತೀಯಾ? ಊಟ, ವಸತಿ ನಮ್ಮದು.

ತಮ್ಮ: ಕೇಳುತ್ತೇನೆ ಅಕ್ಕ. ತೋಟ ಅಂದರೆ ಖಂಡಿತ ಬರುತ್ತಾರೆ.

ನಾನು: ಮ್ಯಾನುಯಲ್ ನಾನು ತರುತ್ತೇನೆ. ಅದೇ ಗೆಳೆಯನನ್ನು ಕೇಳುತ್ತೇನೆ. ಈ ಸಲ ಅವನೇ ಜೊತೆಗೆ ಬರಲಿ.

ಅಕ್ಕ: ಎರಡನ್ನೂ ನಾನೇ ಇಳಿಸುತ್ತೇನೆ, ನಾನೇ ಹತ್ತಿಸುತ್ತೇನೆ. ಹತ್ತಲು ಆಟೋಮ್ಯಾಟಿಕ್, ಇಳಿಯಲು ಮ್ಯಾನುಯಲ್ ಅಂತ ನೀವಿಬ್ಬರೂ ಒಪ್ಪಿದ್ದೀರಿ. ಎರಡರಲ್ಲಿ ನನಗೆ ಯಾವುದರ ಭಯ ಜಾಸ್ತಿ ಅಂತ ಆ ದಾರಿಯಲ್ಲೇ ನೋಡಬೇಕು. ಅಲ್ಲಿಯವರೆಗೆ ಬುಕಿಂಗ್ ಬೇಡ.

ಭಾವ: ಸರಿ. ಶೋರೂಮಿಗೆ ಫೋನ್ ಮಾಡಿ ಹೇಳುತ್ತೇನೆ.

ದೊಡ್ಡಪ್ಪ: ಮಳೆ ಬಂದ ಮೇಲೆ ಬನ್ನಿ. ಈಗ ದಾರಿ ಒಣಗಿ ಕಲ್ಲಾಗಿದೆ, ಎತ್ತಿನಗಾಡಿಯೂ ಇಳಿಯುತ್ತದೆ. ಎರಡು ದಿನ ಬಿಡದೆ ಹೊಯ್ದರೆ ನಾನೇ ಗೇಟಿನವರೆಗೆ ಹತ್ತಿ ಬಂದು ಫೋನ್ ಮಾಡುತ್ತೇನೆ. ಆಗ ಹೊರಡಿ.