ಡ್ರೋನ್ ಲೈವ್ ವಿಡಿಯೋ ಮೂರು ಟಿವಿಗೆ ಒಟ್ಟಿಗೆ ಕೊಡುವುದು ಹೇಗೆ? ಊರಲ್ಲಿ ನೆಟ್ ಇಲ್ಲ

ಗದ್ದೆಬದಿ:
ಸಕಲೇಶಪುರದ ಹತ್ತಿರ ನಮ್ಮೂರಲ್ಲಿ ಕೆಸರುಗದ್ದೆ ಓಟ ಇದೆ. ಜನ ಬದುವಿನ ಮೇಲೇ ಮುಗಿಬೀಳುತ್ತಾರೆ, ಹಿಂದೆ ನಿಂತ ಅಜ್ಜ ಅಜ್ಜಿಯರಿಗೆ ಏನೂ ಕಾಣಲ್ಲ. ಅದಕ್ಕೇ ಈ ಸಲ ಡ್ರೋನ್ ಹಾರಿಸಿ ಶಾಮಿಯಾನದಲ್ಲಿ ಎರಡು ಟಿವಿ, ಮೈಕ್ ಹಿಡಿದು ಕಾಮೆಂಟ್ರಿ ಹೇಳುವವರ ಮುಂದೆ ಒಂದು ಟಿವಿ ಇಡೋಣ ಅಂತ ಹುಡುಗರ ಪ್ಲಾನ್. ನನ್ನ ಹತ್ತಿರ ಡಿಜೆಐ ಮಿನಿ 3 ಪ್ರೊ ಇದೆ, ಫೋನ್ ಸಿಕ್ಕಿಸುವ ಆರ್‌ಸಿ-ಎನ್1 ರಿಮೋಟ್, ಆಂಡ್ರಾಯ್ಡ್ ಫೋನ್. ಮನೆಯಲ್ಲಿ ಫೋನ್ ಸ್ಕ್ರೀನನ್ನು ಟಿವಿಗೆ ಕಾಸ್ಟ್ ಮಾಡಿ ನೋಡಿದೆ. ಒಂದೇ ಟಿವಿಗೆ ಬರುತ್ತದೆ, ಅದೂ ತಡೆತಡೆದು, ಜೊತೆಗೆ ವಾಟ್ಸಾಪ್ ಮೆಸೇಜ್ ಎಲ್ಲಾ ಟಿವಿ ಮೇಲೆ. ಯೂಟ್ಯೂಬ್ ಲೈವ್ ಮಾಡೋಣ ಅಂದ್ರೆ ಇಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ಲ್ಯಾಪ್‌ಟಾಪ್ ಇದೆ, ಹಳೇ ರೂಟರ್ ಇದೆ. ಏನು ಮಾಡಬಹುದು?

ಹಾಸನದ ವೈರ್‌ಮ್ಯಾನ್:
ರಿಮೋಟ್‌ನಲ್ಲೇ ಎಚ್‌ಡಿಎಂಐ ಇದ್ದರೆ ಕೆಲಸ ಸಲೀಸು. ಡಿಜೆಐಯದ್ದೇ ಆರ್‌ಸಿ ಪ್ರೊ ರಿಮೋಟ್‌ನಲ್ಲಿ ಮಿನಿ ಎಚ್‌ಡಿಎಂಐ ಇದೆ, ಅದರಿಂದ ಒಂದು ಸ್ಪ್ಲಿಟರ್‌ಗೆ (ಒಂದೇ ಚಿತ್ರವನ್ನು ಹಲವು ಟಿವಿಗೆ ಹಂಚುವ ಡಬ್ಬಿ) ಹಾಕಿ ಎಷ್ಟು ಟಿವಿ ಬೇಕೋ ಅಷ್ಟಕ್ಕೆ ಎಳೆದುಕೊಳ್ಳಬಹುದು, ತಡವೂ ಗೊತ್ತಾಗಲ್ಲ. ನಿಮ್ಮ ರಿಮೋಟ್‌ಗೆ ಅದಿಲ್ಲ. ಸ್ಕ್ರೀನ್ ಇರುವ ಸಾದಾ ಆರ್‌ಸಿಗೂ ಇಲ್ಲ, ಇದಕ್ಕೋಸ್ಕರ ಅದನ್ನು ಕೊಳ್ಳಬೇಡಿ. ಫೋನಿನ ಟೈಪ್-ಸಿಯಿಂದ ತೆಗೆಯೋಣ ಅಂದ್ರೆ ಆ ಪೋರ್ಟನ್ನು ರಿಮೋಟ್ ಹಿಡಿದುಕೊಂಡಿರುತ್ತದೆ.

ಮೂಡಿಗೆರೆ ಮಳೆ:
ಇಂಟರ್‌ನೆಟ್ ಬೇಡವೇ ಬೇಡ. ಡಿಜೆಐ ಫ್ಲೈ ಆ್ಯಪ್‌ನಲ್ಲಿ ಲೈವ್ ಸ್ಟ್ರೀಮಿಂಗ್ ಒಳಗೆ ಆರ್‌ಟಿಎಂಪಿ ಅಂತ ಇದೆ, ಲೈವ್ ವಿಡಿಯೋವನ್ನು ನಾವು ಕೊಟ್ಟ ವಿಳಾಸಕ್ಕೆ ಕಳಿಸುವ ವಿಧಾನ ಅದು. ಅಲ್ಲಿ ಯೂಟ್ಯೂಬ್ ವಿಳಾಸದ ಬದಲು ನಿಮ್ಮ ಲ್ಯಾಪ್‌ಟಾಪಿನ ಐಪಿ ವಿಳಾಸ ಕೊಡಿ. ಲ್ಯಾಪ್‌ಟಾಪಿನಲ್ಲಿ ಮೀಡಿಯಾಎಂಟಿಎಕ್ಸ್ ಅನ್ನುವ ಉಚಿತ ಸರ್ವರ್ ಓಡಿಸಿ, ಅದು 1935ನೇ ನೆಟ್‌ವರ್ಕ್ ಪೋರ್ಟಿನಲ್ಲಿ ಈ ವಿಡಿಯೋ ತೆಗೆದುಕೊಳ್ಳುತ್ತದೆ. ಅದನ್ನು ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ತೆರೆದು ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಒಂದಕ್ಕೆ ನಾಲ್ಕು ಸ್ಪ್ಲಿಟರ್, ಅಲ್ಲಿಂದ ಟಿವಿಗಳಿಗೆ. ದೂರದ ಟಿವಿಗೆ ಕೇಬಲ್ ಎಳೆಯುವುದು ಕಷ್ಟ ಅನ್ನಿಸಿದರೆ, ಆಂಡ್ರಾಯ್ಡ್ ಟಿವಿಯಾದರೆ ಅದರಲ್ಲೇ ವಿಎಲ್‌ಸಿ ಹಾಕಿ ಅದೇ ಸ್ಟ್ರೀಮ್ ತೆರೆಯಬಹುದು. ಟಿವಿ, ಫೋನ್, ಲ್ಯಾಪ್‌ಟಾಪ್ ಎಲ್ಲಾ ಒಂದೇ ರೂಟರ್‌ಗೆ ಸೇರಿರಬೇಕು ಅಷ್ಟೇ.

ಜನ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ವಿಂಡೋಸ್ ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿರುತ್ತದೆ, ಆ್ಯಪ್ ಸುಮ್ನೆ ಫೇಲ್ ಅನ್ನುತ್ತದೆ, ಕಾರಣ ಹೇಳಲ್ಲ. ಇನ್ನೊಂದು, ರೂಟರ್‌ನಲ್ಲಿ ನೆಟ್ ಇಲ್ಲ ಅಂತ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಹಾರುತ್ತದೆ, ಆಗ ಲ್ಯಾಪ್‌ಟಾಪ್ ಸಿಗಲ್ಲ. ಡೇಟಾ ಆಫ್ ಮಾಡಿಬಿಡಿ, ವಾಟ್ಸಾಪ್ ಕಾಟವೂ ತಪ್ಪುತ್ತದೆ. ಹಾಗೆ ನೋಡಿದರೆ ಈ ದಾರಿಯಲ್ಲಿ ಟಿವಿಗೆ ಹೋಗುವುದು ಕ್ಯಾಮೆರಾದ ಚಿತ್ರ ಮಾತ್ರ, ಫೋನ್ ಸ್ಕ್ರೀನ್ ಅಲ್ಲ.

ಗದ್ದೆಬದಿ:
ತುಂಬಾ ಥ್ಯಾಂಕ್ಸ್ ಸರ್. ತಡ ಎಷ್ಟಾಗುತ್ತದೆ? ಕಾಮೆಂಟ್ರಿ ನಮ್ಮ ಮಾವನದ್ದು, ಅವರು ಟಿವಿ ನೋಡಿಕೊಂಡೇ ಹೇಳ್ತೀನಿ ಅಂತ ಕೂತಿದ್ದಾರೆ.

ಮೂಡಿಗೆರೆ ಮಳೆ:
ಎರಡು ಮೂರು ಸೆಕೆಂಡ್ ಆಗಬಹುದು ಅಂದುಕೊಳ್ಳಿ. ವಿಎಲ್‌ಸಿಯಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ (ತೋರಿಸುವ ಮೊದಲು ವಿಡಿಯೋ ಕೂಡಿಟ್ಟುಕೊಳ್ಳುವ ಸಮಯ) ಮೊದಲೇ 1000 ಮಿಲಿಸೆಕೆಂಡ್ ಇರುತ್ತದೆ, 300ಕ್ಕೆ ಇಳಿಸಿ ನೋಡಿ, ಚಿತ್ರ ಒಡೆದರೆ ಮತ್ತೆ ಸ್ವಲ್ಪ ಏರಿಸಿ. ಮಾವನಿಗೆ ಗದ್ದೆ ನೋಡಿಕೊಂಡೇ ಹೇಳಲು ಹೇಳಿ. ಓಡಿದವನು ಗೆದ್ದು ಕೆಸರು ತೊಳೆಯುವಾಗ ಇವರು ಇನ್ನೂ ‘ಬಂದ ಬಂದ’ ಅಂತಿದ್ದರೆ ಜನ ನಗುತ್ತಾರೆ, ಅಲ್ವಾ?

ಹಾಸನದ ವೈರ್‌ಮ್ಯಾನ್:
ಟಿವಿ ವಿಷಯ ಬಿಡಿ, ಜನರ ತಲೆ ಮೇಲೆ ಹಾರಿಸಬೇಡಿ. ಗದ್ದೆಯ ಒಂದು ಬದಿಗೆ ನಿಲ್ಲಿಸಿ ಓರೆಯಾಗಿ ತೋರಿಸಿದರೆ ಸಾಕು. 250 ಗ್ರಾಂ ಒಳಗಿನದು 2021ರ ಡ್ರೋನ್ ನಿಯಮದಲ್ಲಿ ನ್ಯಾನೊ ಅನ್ನುವ ವರ್ಗ, ಪೈಲಟ್ ಸರ್ಟಿಫಿಕೇಟ್ ಬೇಡ. ಆದರೂ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ಹನಿ ಬಿದ್ದ ತಕ್ಷಣ ಇಳಿಸಿ, ಅದಕ್ಕೆ ಮಳೆ ಆಗಲ್ಲ. ವಿದೇಶಿ ಡ್ರೋನ್ ಆಮದು 2022ರ ಫೆಬ್ರವರಿಯಲ್ಲೇ ನಿಷೇಧವಾಗಿದೆ, ಹಾಳಾದರೆ ಇನ್ನೊಂದು ತರುವುದು ಸುಲಭ ಅಲ್ಲ.

ಗದ್ದೆಬದಿ:
ಸರಿ. ಕೊನೇದು ಒಂದು. ನನ್ನ ರೂಟರ್ ಹಳೇದು, ಬರೀ 2.4 ಗಿಗಾಹರ್ಟ್ಜ್. ಡ್ರೋನ್ ಸಿಗ್ನಲ್‌ಗೆ ತೊಂದರೆ ಆಗಲ್ವಾ?

ಮೂಡಿಗೆರೆ ಮಳೆ:
ಎರಡೂ ಒಂದೇ ಬ್ಯಾಂಡಿನಲ್ಲಿದ್ದರೆ ಆಗುತ್ತದೆ. ಆ್ಯಪ್‌ನ ಟ್ರಾನ್ಸ್‌ಮಿಷನ್ ಸೆಟ್ಟಿಂಗ್‌ಗೆ ಹೋಗಿ ಡ್ರೋನನ್ನು 5.8ಕ್ಕೆ ಹಾಕಿ. ದೂರ ಸ್ವಲ್ಪ ಕಡಿಮೆ ಸಿಗುತ್ತದೆ, ಕಣ್ಣೆದುರಿನ ಗದ್ದೆಗೆ ಅದೇ ಜಾಸ್ತಿ. ರೂಟರನ್ನು ನೀವು ನಿಂತ ಕಡೆಯಿಂದ ಸ್ವಲ್ಪ ದೂರ, ಲ್ಯಾಪ್‌ಟಾಪ್ ಹತ್ತಿರ ಇಡಿ. ಹಿಂದಿನ ದಿನವೇ ಜನರೇಟರ್ ಮೇಲೆ ಎಲ್ಲಾ ಹಚ್ಚಿ ಒಂದು ಸಲ ಓಡಿಸಿ ನೋಡಿ.